ಬಿದ್ದವರ ಪಾಲು

ಸಾಕ್ಷಿಗೆ ಕೂತವನು ತಾಂಬೂಲವನ್ನು ಎಡದವಡೆಗೆ ಒತ್ತಿಕೊಳ್ಳಬೇಕೋ ಬಲದವಡೆಗೋ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಮುಂದೆ ಓದಬೇಕಾಗಿಲ್ಲ. ನಮ್ಮೂರು ಈ ಒಂದು ಪ್ರಶ್ನೆಯ ಮೇಲೆ ಎರಡು ಪಂಗಡವಾಗಿ ಒಡೆದು, ಹೆಣ್ಣು ಕೊಡುವುದು ತರುವುದು ನಿಂತು, ಒಂದು ಮದುವೆಯೂಟದಲ್ಲಿ ಪಾಯಸದ ಕೊಪ್ಪರಿಗೆಯೇ ಮಗುಚಿ ಬಿದ್ದು, ಕೊನೆಗೆ ಹೃದಯ ಇರುವುದು ಎಡಕ್ಕೆ ಎಂಬ ಸಿದ್ಧಾಂತದ ಬಲದಿಂದ ಎಡಪಂಗಡ ಗೆದ್ದಿತ್ತು. ನಾನು ಎಡದವಡೆಯ ಸಾಕ್ಷಿ. ಹಡಗಿನ ಕಂಪನಿಗೂ ಮಾಲು ಇಳಿಸುವ ಕೂಲಿಯಾಳುಗಳಿಗೂ ಮಾತುಕತೆ ನಡೆಯುವಷ್ಟು ಹೊತ್ತು ಸಾಕ್ಷಿ ಬಾಯಲ್ಲಿ ತಾಂಬೂಲ ಇಟ್ಟುಕೊಂಡಿರಬೇಕು, ಉಗುಳಬಾರದು, ನುಂಗಬಾರದು. ಬಾಯಿ ಕಟ್ಟಿದವನ ಕಿವಿ ಚುರುಕು ಎಂಬುದು ಹಿರಿಯರ ಲೆಕ್ಕಾಚಾರ. ಸಾಕ್ಷಿ ಉಗುಳಿದರೆ ಅದುವರೆಗೆ ಆಡಿದ ಮಾತೆಲ್ಲ ಬಿದ್ದುಹೋಗಿ ಮೊದಲಿನಿಂದ ಶುರುವಾಗಬೇಕು. ಈ ಹುದ್ದೆಗೆ ಬೇಕಾದ ಅರ್ಹತೆ ಒಂದೇ: ಮನುಷ್ಯ ಎರಡೂ ಕಡೆಗೆ ಉಪಯೋಗವಿಲ್ಲದವನಾಗಿರಬೇಕು. ಅಂಥವನನ್ನು ಹುಡುಕುವಾಗ ಊರಿನ ಕಣ್ಣು ಸಹಜವಾಗಿಯೇ ವಾಚನಾಲಯದ ಕಡೆ ಹೊರಳಿತು. ವಾಚನಾಲಯ ನೋಡಿಕೊಳ್ಳುತ್ತಿದ್ದವನು ನಾನು. ಅಂದಿನಿಂದ ನನ್ನ ಹೆಸರು ಹೋಗಿ ಸಾಕ್ಷಣ್ಣ ಎಂದಾಯಿತು.

ಹಂಗಾಮಿನ ಮೊದಲ ಹಡಗು ಅಳಿವೆಯ ಹೊರಗೆ ಬಂದು ಲಂಗರು ಹಾಕಿದ ದಿನ ನಮ್ಮೂರಲ್ಲಿ ನೀರು ಇಳಿಯುತ್ತದೆ. ದಕ್ಕೆಯ ಕಂಬಗಳ ಬುಡದವರೆಗೂ ಕೆಸರು ಬಿಟ್ಟುಕೊಳ್ಳುತ್ತದೆ. ಆ ಹಂಗಾಮಿನಲ್ಲಿ ಮಾಲು ಇಳಿಸುವ ಕರಾರಿಗೆ ಎರಡೂ ಕಡೆಯವರ ಮನಸ್ಸು ಒಪ್ಪುವ ತನಕ ನೀರು ಏರುವುದಿಲ್ಲ, ನೀರು ಏರದೆ ಹಡಗು ಒಳಗೆ ಬರುವುದಿಲ್ಲ. ಮನಸ್ಸು ಎಂದೆ, ಬಾಯಿಯಲ್ಲ, ರುಜುವಲ್ಲ. ನಮ್ಮಜ್ಜನ ಕಾಲದಲ್ಲಿ ಕಂಪನಿಯವರು ಪೊಲೀಸರನ್ನು ನಿಲ್ಲಿಸಿಕೊಂಡು ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡರಂತೆ. ಕೆಸರು ಕೆಸರಾಗಿಯೇ ಉಳಿಯಿತು. ಹಡಗು ತಂದ ಸಕ್ಕರೆಯನ್ನು ಹೊತ್ತುಕೊಂಡು ವಾಪಸು ಹೋಯಿತು. ಊರಿನವರು ಇದಕ್ಕೆ ಹೊಂದಿಕೊಂಡು ತಲೆಮಾರುಗಳಾದವು. ಹೊರಗಿನಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು ಮೊದಲ ವರ್ಷ ಹುಣ್ಣಿಮೆ, ಚಂದ್ರ ಎಂದೇನೋ ತೊದಲುತ್ತಾರೆ, ಎರಡನೆಯ ವರ್ಷ ಅವರೂ ಕಿಟಕಿಯಿಂದ ತಲೆ ಹೊರಹಾಕಿ “ಮಾತು ಎಲ್ಲಿಗೆ ಬಂತಂತೆ?” ಎಂದು ಕೇಳುತ್ತಾರೆ. ಮಾತು ಉದ್ದವಾದಷ್ಟೂ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರಿಗೆ ಸುಗ್ಗಿ, ಆದ್ದರಿಂದ ಮಾತು ಬೆಳೆಯಲಿ ಎಂದು ಅವರು ನನ್ನ ಮನೆಗೆ ಬಳಚಿನ ಒಣಪಲ್ಯ, ಸುಕ್ಕ, ಕಳಿಸುತ್ತಿದ್ದರು. ದೋಣಿ ಕೆಸರಿಗೆ ಕಚ್ಚಿಕೊಂಡ ಮೀನುಗಾರರು ಮಾತು ಬೇಗ ಮುಗಿಯಲಿ ಎಂದು ಒಣಮೀನು ಕಳಿಸುತ್ತಿದ್ದರು. ಬಾಯಿ ಬಿಡುವಂತಿಲ್ಲದವನ ಪ್ರಭಾವದ ಮೇಲೆ ಜನರಿಗೆ ಎಷ್ಟು ನಂಬಿಕೆ ನೋಡಿ. ನಾನು ಎರಡನ್ನೂ ತಿಂದೆ. ಗಂಡ ಹೆಂಡತಿ ಮಾತುಬಿಟ್ಟರೆ “ಅವರಲ್ಲಿ ಇನ್ನೂ ನೀರು ಬಂದಿಲ್ಲ” ಎನ್ನುತ್ತೇವೆ. ಯಾವ ತಕರಾರಿಗೂ ನಮ್ಮೂರಿನ ಕಡೆಯ ಮಾತು “ನೀರು ಬಂದ ಮೇಲೆ ಮಾತಿಲ್ಲ.” ಈ ಗಾದೆಯನ್ನು ಪರಊರಿನವರ ಮುಂದೆ ಬಹಳ ಹೆಮ್ಮೆಯಿಂದ ಹೇಳುತ್ತಿದ್ದೆವು.

ಕೂಲಿಯಾಳುಗಳ ಕಡೆಯಿಂದ ಮಾತಿಗೆ ಕೂರುತ್ತಿದ್ದವಳು ಅವರ ಮೇಸ್ತ್ರಿ ಮಂಕಾಳಕ್ಕ. ಗುಂಪಿನ ಮನಸ್ಸೆಂದರೆ ಮೇಸ್ತ್ರಿಯ ಮನಸ್ಸು ಎಂಬುದನ್ನು ಕಂಪನಿಯೂ ಒಪ್ಪಿತ್ತು, ನೀರೂ ಒಪ್ಪಿತ್ತು. ಕಂಪನಿಯ ಕಡೆಯಿಂದ ವಾಮನ ಪ್ರಭುಗಳು. ದೊಡ್ಡ ಹೊಟ್ಟೆ, ದೊಡ್ಡ ಗಂಟಲು, ಬಿಳಿ ಅಂಗಿಯ ಮೇಲೆ ಯಾವಾಗಲೂ ಒಂದು ಸಾಂಬಾರಿನ ಕಲೆ. ದಕ್ಕೆಯ ತುದಿಯಲ್ಲಿ ಕಂಬಗಳ ಮೇಲೆ ಹಲಗೆ ಹಾಸಿದ ಮಾತಿನ ಚಪ್ಪರದಲ್ಲಿ ಇಬ್ಬರೂ ಗೋಣಿಯ ಮೇಲೆ ಎದುರುಬದುರು ಕೂತರೆಂದರೆ ಊರೇ ಕೆಲಸ ಬಿಟ್ಟು ಬರುತ್ತಿತ್ತು. “ರಾಕ್ಷಸಿ! ಮಾತಿಗೆ ಮಾತು ಕೊಡ್ತೀಯಾ? ನಿನ್ನ ನಾಲಿಗೆಗೆ ಕಲ್ಲು ಕಟ್ಟಿ ಅಳಿವೆಗೆ ಹಾಕ್ತೇನೆ!” ಎಂದು ಪ್ರಭುಗಳು ಆರಂಭಿಸುತ್ತಿದ್ದರು. “ಹಾಕಿ ಪ್ರಭುಗಳೇ, ಹಾಕ್ಲಿಕ್ಕೆ ಮೊದಲು ನೀರಾದ್ರೂ ಬೇಕಲ್ಲ!” ಎಂದು ಮಂಕಾಳಕ್ಕ. ಪ್ರತಿ ಹಂಗಾಮಿನಲ್ಲೂ ಇದೇ ಎರಡು ಮಾತು. ಪ್ರತಿ ಸಲವೂ ಜನ ಹೊಸದಾಗಿ ಕೇಳಿದಂತೆ ನಗುತ್ತಿದ್ದರು, ದೇವರ ಪೂಜೆಯಲ್ಲಿ ಅದೇ ಮಂತ್ರಕ್ಕೆ ಅದೇ ಗಂಟೆ ಬಾರಿಸುವ ಹಾಗೆ. ಹೊರಗೆ ಹಡಗು ಕಾಯುತ್ತಿರುತ್ತಿತ್ತು. ಹಡಗಿನ ಗಡುವು ಪ್ರಭುಗಳ ಕುತ್ತಿಗೆಯ ಮೇಲಿತ್ತು, ಮಂಕಾಳಕ್ಕನ ಕುತ್ತಿಗೆಯ ಮೇಲೆ ಒಂದು ಕರಿಮಣಿ ಸರ ಮಾತ್ರ. ಅವಳಿಗೆ ಅವಸರವಿರಲಿಲ್ಲ. ಹಾಗೆ ಅವಸರವಿಲ್ಲದೆ ಅವಳು ಗೆದ್ದುಕೊಂಡವು ಮೂರು: ಬಿಸಿಲು ನೆತ್ತಿಗೆ ಬಂದಾಗ ಕೆಲಸ ನಿಲ್ಲಿಸುವ ಹಕ್ಕು, ಭಾರದ ಹೊರೆಗೆ ನಾಲ್ವರೇ ಬೇಕೆಂಬ ಕಟ್ಟು, ಮತ್ತು ಬಿದ್ದವರ ಪಾಲು.

ಬಿದ್ದವರ ಪಾಲು ಎಂದರೆ, ಹಡಗಿನ ಕೆಲಸದಲ್ಲಿ ಬಿದ್ದು ಏಳಲಾರದವನಿಗೆ, ಎದ್ದು ದುಡಿಯುವವನಿಗೆ ಸಿಗುವಷ್ಟೇ ಪಾಲು ಕಂಪನಿಯಿಂದ ಬರಬೇಕು, ಅವನು ಏಳುವ ತನಕ. ಇದು ಬಂದದ್ದು ಜಟ್ಟಪ್ಪ ಬಿದ್ದ ಮೇಲೆ. ಜಟ್ಟಪ್ಪ ಮಂಕಾಳಕ್ಕನ ಗಂಡ. ಮಾಲು ಎತ್ತುವ ಹಗ್ಗ ಹರಿದು, ಹಡಗಿನ ಹೊಟ್ಟೆಯೊಳಗೆ ಬಿದ್ದು, ಸೊಂಟದ ಕೆಳಗಿನ ಮೈಯನ್ನು ಅಲ್ಲೇ ಬಿಟ್ಟು ಬಂದವನು. ಆ ವರ್ಷ ಪ್ರಭುಗಳು ಚಪ್ಪರದಲ್ಲಿ ಎಂದಿಗಿಂತ ಹೆಚ್ಚು ಕೂಗಾಡಿದರು. ಗಂಡನಿಗೊಂದು ಪಾಲು, ಹೆಂಡತಿಗೊಂದು ಪಾಲು, ನಿಮ್ಮ ಮನೆಯ ಬೆಕ್ಕಿಗೂ ಒಂದು ಬರೆದುಕೊಡಲಾ ಎಂದರು. ಬೆಕ್ಕು ಹಡಗಿನಲ್ಲಿ ಬಿದ್ದರೆ ಕೊಡಿ ಎಂದಳು ಅವಳು. ದಿನಗಟ್ಟಲೆ ಕೆಸರು ನಾರಿತು. ಕೊನೆಗೊಂದು ಸಂಜೆ ಪ್ರಭುಗಳು ಎದ್ದು ಹೇಳದೆ ಕೇಳದೆ ಜಟ್ಟಪ್ಪನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಅವನನ್ನು ನೋಡಿ, ವಾಪಸು ಬಂದು ಗೋಣಿಯ ಮೇಲೆ ಕೂತು “ತಗೊಂಡು ಸಾಯಿ” ಎಂದರು. ನೀರು ಬಂತು. ಜಟ್ಟಪ್ಪನನ್ನು ಹಗಲು ಹೊರಳಿಸಿ ತೊಳೆಯಲು ಬರುವ ಹೆಂಗಸು, ಬೆನ್ನಿಗೆ ಹುಣ್ಣಾಗದಂತೆ ಹಚ್ಚುವ ಮುಲಾಮು, ಕೆಸರು ಕಾಣುವ ಕಿಟಕಿಯ ಪಕ್ಕ ಹಾಕಿದ ಒಳ್ಳೆಯ ಮಂಚ, ಎಲ್ಲ ಆ ಪಾಲಿನ ಮೇಲೆ ನಡೆಯುತ್ತಿತ್ತು.

ಪ್ರಭುಗಳು ನಿವೃತ್ತರಾದ ಮೇಲೆ ಕಂಪನಿ ಕಿಣಿ ಎಂಬ ಹುಡುಗನನ್ನು ಕಳಿಸಿತು. ಇಸ್ತ್ರಿ ಅಂಗಿ, ಮೃದು ಮಾತು. ಗೋಣಿಯ ಮೇಲೆ ಕೂರುವ ಮೊದಲು ಮಂಕಾಳಕ್ಕನಿಗೆ ನಮಸ್ಕಾರ ಮಾಡಿ “ಅಮ್ಮಾ” ಎಂದ. ಜನ ಮುಖ ಮುಖ ನೋಡಿಕೊಂಡರು; ಆ ಗೋಣಿಯಿಂದ ಅಂಥ ಮಾತು ಬಂದದ್ದಿರಲಿಲ್ಲ. ಮಂಕಾಳಕ್ಕ ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಅವನು ತಲೆ ತಗ್ಗಿಸಿ, ಶುಕ್ರವಾರದೊಳಗೆ ಹಡಗು ಒಳಗೆ ಬರದಿದ್ದರೆ ತನ್ನ ಕೆಲಸ ಹೋಗುತ್ತದೆ, ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದಾಳೆ, ಅಪ್ಪ ಇಲ್ಲ ಎಂದ. ಹೇಳುತ್ತಾ ಅತ್ತ. ಕಳ್ಳ ಅಳುವಲ್ಲ, ಮೂಗು ಸೋರುವ, ಮುಖ ಕೆಡಿಸುವ, ನಿಜವಾದ ಅಳು. “ಅಯ್ಯೋ ತಮ್ಮಾ, ಅಳಬೇಡ ಮಾರಾಯ” ಎಂದು ಮಂಕಾಳಕ್ಕ ಸೆರಗಿನಿಂದ ಅವನ ಮುಖ ಒರೆಸಿದಳು. ಕಂಪನಿ ಕೇಳಿದ್ದು ಬಿಸಿಲ ಹೊತ್ತಿನ ನಿಲುಗಡೆಯನ್ನು ಬಿಟ್ಟುಕೊಡಿ ಎಂದು. ಒಂದು ನಿಲುಗಡೆಗಾಗಿ ಒಂದು ಹೆಣ್ಣಿನ ಮದುವೆ ನಿಲ್ಲಬೇಕೇ ಎಂದು ಸುತ್ತ ನಿಂತ ಹೆಂಗಸರೇ ಮೂಗು ಒರೆಸಿಕೊಂಡರು. ನೀರು ಓಡೋಡಿ ಬಂತು. ಬಲೆ ಒಣಹಾಕಿದವರಿಗೆ ಎತ್ತಿಕೊಳ್ಳಲೂ ಹೊತ್ತಾಗಲಿಲ್ಲ. ಇಷ್ಟು ಬೇಗ ನೀರು ಬಂದದ್ದು ನಮ್ಮ ಕಾಲದಲ್ಲಿ ಇದೇ ಮೊದಲು ಎಂದು ಪಟಾಕಿ ಹೊಡೆದರು. ಕಿಣಿ ಮೋಸಗಾರನಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಮೋಸವಾಗಿದ್ದರೆ ನೀರು ಬರುತ್ತಿರಲಿಲ್ಲ. ತಂಗಿಯ ಮದುವೆಗೆ ಮಂಕಾಳಕ್ಕನಿಗೆ ಸೀರೆ ಕಳಿಸಿದ. ಕಂಪನಿ ಅವನನ್ನು ಮೇಲಿನ ಆಫೀಸಿಗೆ ಕರೆದು ದೊಡ್ಡ ಕುರ್ಚಿ ಕೊಟ್ಟಿತು. ಅಲ್ಲಿ ಯಾರೋ ಅವನನ್ನು ಕೇಳಿರಬೇಕು: ಪ್ರಭು ಒಂದು ಜನ್ಮವಿಡೀ ಕೂಗಿ ಸಾಧಿಸದ್ದನ್ನು ನೀನು ಊಟದ ಹೊತ್ತಿನೊಳಗೆ ಹೇಗೆ ಸಾಧಿಸಿದೆ?

ಮುಂದಿನ ಹಂಗಾಮಿಗೆ ಕಂಪನಿಯ ಕಡೆಯಿಂದ ಬಂದವಳು ಒಬ್ಬ ಬಾಣಂತಿ. ಮಗುವಿನ ಎದೆಯಲ್ಲಿ ತೂತು. ಕರಾರಾದರೆ ಅದರ ಆಪರೇಷನ್ನಿಗೆ ರಜೆ ಕೊಡುತ್ತಾರಂತೆ. ಮಗುವನ್ನೂ ತಂದಿದ್ದಳು, ಅದರ ತುಟಿ ನೇರಳೆ ಹಣ್ಣಿನ ಬಣ್ಣಕ್ಕಿತ್ತು. ನಾಲ್ವರ ಹೊರೆ ಎಂಬ ಕಟ್ಟು ಹೋಯಿತು. ಅದೇ ಹೊರೆಗೆ ಇಬ್ಬರು ಹೆಗಲು ಕೊಟ್ಟರು, ನಡುಹಗಲಲ್ಲೂ ಕೊಟ್ಟರು, ಆದರೆ ಆ ಮಗು ಈಗ ನಡೆಯುತ್ತಿದೆ ಎಂದು ಸುದ್ದಿ ಬಂದಾಗ ಹೊರೆ ಹೊತ್ತವರೇ ಸಕ್ಕರೆ ಹಂಚಿದರು. ಬಳಚು ಹೆಕ್ಕುವ ಹೆಂಗಸರು ಮಾತ್ರ ನನ್ನ ಬಾಗಿಲಿಗೆ ಬಂದು ಗೊಣಗಿದರು. “ಇದೆಂಥ ಮಾತುಕತೆ ಸಾಕ್ಷಣ್ಣ? ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿಯುವಷ್ಟರಲ್ಲಿ ನೀರು ಮೊಣಕಾಲಿಗೆ ಬಂದಿರ್ತದೆ. ಮೊದಲಾದ್ರೆ ಬೈದಾಡುತ್ತಿದ್ರು, ಎಷ್ಟು ಚಂದ ಇತ್ತು.” ಊರಿನಲ್ಲಿ ಲೆಕ್ಕ ಸರಿಯಾಗಿ ಅರ್ಥವಾಗಿದ್ದದ್ದು ಅವರಿಗಷ್ಟೇ, ಮತ್ತು ಅದು ಬಳಚಿನ ಲೆಕ್ಕವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಉಳಿದವರಿಗೆ ಗಾದೆ ಇತ್ತಲ್ಲ. ನೀರು ಬಂದಿದೆ ಎಂದ ಮೇಲೆ ಕರಾರು ನ್ಯಾಯವಾದದ್ದೇ ಇರಬೇಕು.

ಲೆಕ್ಕ ಅರ್ಥವಾದ ಇನ್ನೊಬ್ಬ ಮಂಚದ ಮೇಲಿದ್ದ. ವಾರಕ್ಕೊಮ್ಮೆ ಜಟ್ಟಪ್ಪನಿಗೆ ವಾಚನಾಲಯದ ಪತ್ರಿಕೆ ಓದಿ ಹೇಳಲು ಹೋಗುತ್ತಿದ್ದೆ. ಅವನಿಗೆ ಸುದ್ದಿಗಿಂತ ಸಾವಿನ ಜಾಹೀರಾತುಗಳ ಮೇಲೆ ಪ್ರೀತಿ. ಯಾರ ಫೋಟೋ ಚೆನ್ನಾಗಿ ಬಂದಿದೆ ಎಂದು ಕೇಳುತ್ತಿದ್ದ. ಮರುವರ್ಷ ಈರುಳ್ಳಿ ಹಡಗು ಬರುತ್ತದೆ ಎಂದಾಗ ಅವನು ನಕ್ಕ. “ಇನ್ನು ಉಳಿದದ್ದು ನನ್ನ ಪಾಲೊಂದೇ. ಅದನ್ನು ಕೇಳ್ಬೇಕಾದ್ರೆ ನನಗಿಂತ ಗತಿಗೆಟ್ಟವನನ್ನು ಕಳಿಸ್ಬೇಕು ಅವ್ರು. ಎಲ್ಲಿಂದ ತರ್ತಾರೆ ಹೇಳಿ? ಕುರುಡನನ್ನಾ? ಹೆಣವನ್ನಾ?” ಒಲೆಯ ಮುಂದಿದ್ದ ಮಂಕಾಳಕ್ಕ ತಿರುಗದೆಯೇ ಹೇಳಿದಳು: “ಈ ಸಲ ದೇವರೇ ಇಳಿದು ಬಂದು ಅತ್ತರೂ ಇಲ್ಲ.” “ನೋಡುವಾ” ಎಂದ ಜಟ್ಟಪ್ಪ. “ನಿನ್ನದು ಬೆಣ್ಣೆ ಮನಸ್ಸು. ಹೊರಗೆ ಮಾತ್ರ ಮೀನಿನ ಮುಳ್ಳು.” “ನಿನಗೆ ಗೊತ್ತುಂಟಾ ನನ್ನ ಮನಸ್ಸು?” “ನನಗೆ ಗೊತ್ತಿಲ್ಲ. ನೀರಿಗೆ ಗೊತ್ತುಂಟಲ್ಲ, ಅದಕ್ಕೇ ಹೆದರಿಕೆ.” ಅವಳು ಸೌಟನ್ನು ಅವನ ಕಡೆ ಬೀಸಿದಳು. ಸೌಟಿನ ಸಾರು ನನ್ನ ಪತ್ರಿಕೆಯ ಮೇಲೆ ಬಿತ್ತು.

ಈರುಳ್ಳಿ ಹಡಗು ಬಂದು ನಿಂತಿತು. ನೀರು ಇಳಿಯಿತು. ಸೆಕೆಗೆ ಈರುಳ್ಳಿ ಮೊಳಕೆ ಬಿಡುತ್ತಿದೆ, ಶನಿವಾರದೊಳಗೆ ಇಳಿಸದಿದ್ದರೆ ಸಮುದ್ರಕ್ಕೆ ಸುರಿಯಬೇಕಾಗುತ್ತದೆ ಎಂದು ಸುದ್ದಿ. ಗಾಳಿ ತಿರುಗಿದಾಗಲೆಲ್ಲ ಊರಿಗೆ ಊರೇ ಒಗ್ಗರಣೆಗೆ ಕಾದ ಅಡುಗೆಮನೆಯ ಹಾಗೆ ನಾರುತ್ತಿತ್ತು. ಕಂಪನಿಯ ಕಾರು ದಕ್ಕೆಗೆ ಬಂದು ನಿಂತಿತು, ಬಾಗಿಲು ತೆರೆಯಿತು, ಬಹಳ ಹೊತ್ತು ಯಾರೂ ಇಳಿಯಲಿಲ್ಲ. ಆಮೇಲೆ ಒಂದು ಕೋಲು ಇಳಿಯಿತು, ಅದರ ಹಿಂದೆ ವಾಮನ ಪ್ರಭುಗಳು. ಹೊಟ್ಟೆ ಇರಲಿಲ್ಲ. ಹಳೆಯ ಅಂಗಿಯೊಳಗೆ ಅವರನ್ನು ಹುಡುಕಬೇಕಾಗಿತ್ತು. ಮುಖ ಅರಿಶಿನದ ನೀರಿನಲ್ಲಿ ಅದ್ದಿ ತೆಗೆದ ಹಾಗಿತ್ತು. ಸಾಂಬಾರಿನ ಕಲೆ ಮಾತ್ರ ಅದೇ ಜಾಗದಲ್ಲಿತ್ತು. ನಾನು ತಾಂಬೂಲ ಬಾಯಿಗಿಟ್ಟು ನನ್ನ ಮಣೆಯ ಮೇಲೆ ಕೂತೆ.

ಪ್ರಭುಗಳು ಗೋಣಿಯ ಮೇಲೆ ಕೂತು ಉಸಿರು ತೆಗೆದುಕೊಂಡರು. ಮಂಕಾಳಕ್ಕ ಹಲ್ಲು ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಅವರು ಅತ್ತರೆ ಕಣ್ಣಿಗೆ ಬೀಳದಿರಲಿ ಎಂದು. “ಏನೇ ರಾಕ್ಷಸಿ,” ಎಂದರು ಪ್ರಭುಗಳು, “ಇನ್ನೂ ಸತ್ತಿಲ್ವಾ ನೀನು?” ಅವಳು ಥಟ್ಟನೆ ತಲೆ ಎತ್ತಿದಳು. ಮುಖದಲ್ಲಿ ಹಬ್ಬ. “ನಿಮ್ಮ ತಿಥಿ ಊಟ ಉಣ್ಣದೆ ಹೇಗೆ ಸಾಯ್ಲಿ ಪ್ರಭುಗಳೇ?” ಜನ ಹೋ ಎಂದರು. ಬೈಗುಳ ಶುರುವಾಯಿತು. ಕೂಲಿಯವರ ವಂಶ, ಅಳಿವೆಯ ಮೊಸಳೆ, ನಾಲಿಗೆ, ಕಲ್ಲು, ಎಲ್ಲ ಬಂದವು. ನಡುನಡುವೆ ಅವರು ಉಸಿರಿಗಾಗಿ ನಿಲ್ಲುತ್ತಿದ್ದರು, ಆಗ ಅವಳು ಕಾಯುತ್ತಿದ್ದಳು, ಜೊತೆಗೆ ಹಾಡುವವರು ಕಾಯುವ ಹಾಗೆ. ಬಿದ್ದವರ ಪಾಲು ತೆಗೆಯಬೇಕು ಎಂದರು ಅವರು. ನನ್ನ ಹೆಣ ಬಿದ್ದ ಮೇಲೆ ಎಂದಳು ಅವಳು. ಕೆಸರು ಒಂದು ಬೆರಳಷ್ಟೂ ನೆನೆಯಲಿಲ್ಲ. ಬಳಚಿನ ಹೆಂಗಸರು ಬುಟ್ಟಿ ತುಂಬಿ ಹೊತ್ತು, ಮತ್ತೆ ಬಂದು ತುಂಬಿದರು. ಸಂಜೆ ನನ್ನ ಮನೆಗೆ ಸುಕ್ಕ ಬಂತು.

ಸುಕ್ಕದಲ್ಲಿ ಅರ್ಧ ತೆಗೆದುಕೊಂಡು ಜಟ್ಟಪ್ಪನಲ್ಲಿಗೆ ಹೋದೆ. ಅವನು ಕಿಟಕಿಯಿಂದ ಒಣ ಕೆಸರನ್ನು ಇಡೀ ದಿನ ಕಾದಿದ್ದ. “ಪ್ರಭು ಬೈದನಾ?” “ಬೈದ್ರು.” “ಏನೇನಂದ? ಪೂರ್ತಿ ಹೇಳಿ, ಬಿಡಬೇಡಿ.” ಸಾಕ್ಷಿಗೆ ಸಂಜೆಯ ಮೇಲೆ ಬಾಯಿ ಬಿಡಲು ಅಡ್ಡಿಯಿಲ್ಲ. ಒಂದೊಂದನ್ನೂ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿದ. “ಮೊಸಳೆ ಅಂದನಾ? ಹಾಗಾದ್ರೆ ಅಡ್ಡಿಲ್ಲ. ಅವ್ರು ಬೈಯುವ ತನಕ ನಾವು ಬದುಕಿದ ಹಾಗೆ ಸಾಕ್ಷಣ್ಣ. ಅಮ್ಮಾ ಅಂದ ದಿನ ಕೆಟ್ಟೆವು.” ಆಮೇಲೆ ಕೇಳಿದ: “ಅವನಿಗೆಂತ ಆಗಿದೆ? ಹುಷಾರಿಲ್ವಾ?” ನಾನು ಬಳಚಿನ ಚಿಪ್ಪು ಬಿಡಿಸುತ್ತಾ ಸೆಕೆ ಹೆಚ್ಚು ಎಂದೆ.

ಮರುದಿನ ಪ್ರಭುಗಳು ಬಂದದ್ದು ತಡವಾಗಿ. ಕಾರಿನಿಂದ ಚಪ್ಪರದವರೆಗೆ ಡ್ರೈವರ್ ಹಿಡಿದುಕೊಂಡು ತಂದ. ಗೋಣಿಯ ಮೇಲೆ ಕೂರುವಾಗ ಎಡತೋಳಿನಲ್ಲಿ ಸುತ್ತಿದ ಬಟ್ಟೆಯಿಂದ ರಕ್ತ ಒಸರಿ ಅಂಗಿಗೆ ಹತ್ತಿತ್ತು. “ಅದೆಂತ ಪ್ರಭುಗಳೇ?” ಎಂದಳು ಮಂಕಾಳಕ್ಕ. “ಸೊಳ್ಳೆ ಕಚ್ಚಿದ್ದು.” “ಸೊಳ್ಳೆ ಅಷ್ಟು ದೊಡ್ಡದುಂಟಾ?” “ಕಂಪನಿಯ ಸೊಳ್ಳೆ.” ಜನ ನಕ್ಕರು, ಅವಳು ನಗಲಿಲ್ಲ. “ಸರಿಯಾಗಿ ಹೇಳಿ.” ಪ್ರಭುಗಳು ಕೋಲನ್ನು ಹಲಗೆಯ ಸಂದಿಗೆ ಕುಟ್ಟಿದರು. ಮೂತ್ರಪಿಂಡ ಎರಡೂ ಹೋಗಿದೆ, ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು, ಕಂಪನಿಯ ಆಸ್ಪತ್ರೆಯಲ್ಲಿ ಅದು ಬಿಟ್ಟಿ, ನಿವೃತ್ತರಾದವರಿಗೆ ಆ ಸವಲತ್ತು ಈ ತಿಂಗಳಿಗೆ ಮುಗಿಯುತ್ತದೆ ಎಂದರು. ಹೇಳುವಾಗ ದನಿಯಲ್ಲಿ ನಾಚಿಕೆಯಿತ್ತು, ಸಂತೆಯಲ್ಲಿ ಪಂಚೆ ಬಿಚ್ಚಿದವನ ನಾಚಿಕೆ. “ನಿನ್ನ ಗಂಡನ ಪಾಲು ತೆಗೆಸಿ ಬಂದ್ರೆ ನನಗೆ ಸಾಯುವ ತನಕ ಬಿಟ್ಟಿ ಮಾಡ್ತಾರಂತೆ. ಕಿಣಿಯ ಯೋಚನೆ. ಒಳ್ಳೆ ಹುಡುಗ. ನನ್ನ ಕಾಲಿಗೆ ಬಿದ್ದು, ಸರ್, ನಿಮಗೆ ಉಪಕಾರ ಆಗಲಿ ಅಂತ ಮಾಡಿದೆ ಅಂದ. ಅವನಿಗೂ ಅದು ನಿಜವೇ. ನಾನು ಎರೆಹುಳು ಮಾರಾಯ್ತಿ. ಗಾಳಕ್ಕೆ ಸಿಕ್ಕಿಸಿ ಬಿಟ್ಟಿದ್ದಾರೆ. ಹುಳಕ್ಕೆ ಗಾಳ ಗೊತ್ತು. ಗೊತ್ತಿದ್ದು ಎಂತ ಮಾಡುವುದು, ಮಿಸುಕಾಡುವುದು ಬಿಟ್ರೆ?”

ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕಿವಿ ಮಂದವಾದ್ದರಿಂದ ಅವರು ಅದನ್ನು ದೊಡ್ಡ ದನಿಗೆ ಹಾಕಿದರು. ಮೇಲಿನ ಆಫೀಸಿನಿಂದ ಕಿಣಿಯ ಮೃದು ಮಾತು ಚಪ್ಪರದ ತುಂಬ ಹರಡಿತು. ಸರ್, ಊಟ ಆಯ್ತಾ? ಮಾತ್ರೆ ತಗೊಂಡ್ರಾ? ಅಮ್ಮ ಚೆನ್ನಾಗಿದ್ದಾರಾ? ಇಂದು ಸಂಜೆಯೊಳಗೆ ನೀರು ಬರದಿದ್ದರೆ ಶನಿವಾರಕ್ಕೆ ಇಳಿಸಿ ಮುಗಿಯುವುದಿಲ್ಲ, ಹಡಗನ್ನು ಬೇರೆ ಬಂದರಿಗೆ ತಿರುಗಿಸುತ್ತಾರೆ ಸರ್, ಆಮೇಲೆ ನಿಮ್ಮ ವಿಷಯದಲ್ಲಿ ನನ್ನ ಕೈಯಲ್ಲಿ ಏನೂ ಇರುವುದಿಲ್ಲ, ಅದೇ ನನಗೆ ಬೇಜಾರು. ಬೇಜಾರು ಎಂದದ್ದೂ ನಿಜವೇ. ಪ್ರಭುಗಳು ಫೋನನ್ನು ಗೋಣಿಯ ಕೆಳಗೆ ತುರುಕಿದರು.

 ಪ್ರಭುಗಳೇ ಮೊದಲು ಬಾಯಿ ಬಿಟ್ಟರು. “ನೋಡು, ನಾನು ಒಪ್ಪಿದ್ದೇನೆ. ಸುಳ್ಳು ಹೇಳುವುದಿಲ್ಲ, ಬದುಕುವ ಆಸೆ ಉಂಟು ನನಗೆ. ನೀನು ಒಪ್ಪಬೇಡ. ನೀನೂ ಒಪ್ಪಿದರೆ ತಾನೆ ನೀರು ಬರುವುದು? ಒಪ್ಪಬೇಡ.” ಮಂಕಾಳಕ್ಕನ ಎರಡು ಕೈಯೂ ಮಡಿಲಲ್ಲಿ ಒಂದನ್ನೊಂದು ಹಿಂಡುತ್ತಿದ್ದವು. “ಹಾಗೆಲ್ಲ ಹೇಳ್ಬೇಡಿ ಪ್ರಭುಗಳೇ. ಒಪ್ಪಬೇಡ ಅಂತ ಹೇಳ್ಬೇಡಿ. ಬೈಯಿರಿ.” “ಆಂ?” “ಬೈಯಿರಿ. ನಿನ್ನೆಯ ಹಾಗೆ. ನಿಮ್ಮ ದಮ್ಮಯ್ಯ. ಜಟ್ಟಪ್ಪನನ್ನು ಬೈಯಿರಿ, ನನ್ನ ಅಪ್ಪ ಅಮ್ಮನನ್ನು ಬೈಯಿರಿ. ಸಿಟ್ಟು ಬರ್ಬೇಕು ನನಗೆ. ಸಿಟ್ಟಿಲ್ಲದೆ ಇಲ್ಲ ಅಂತ ಹೇಗೆ ಹೇಳ್ಲಿ ನಿಮಗೆ?” ಅವಳು ಹಾಗೆ ಬೇಡಿಕೊಂಡದ್ದನ್ನು ನಾನು ಎಂದೂ ಕಂಡಿರಲಿಲ್ಲ. ಕೂಲಿ ಕೇಳುವಾಗ ಬೇಡಿರಲಿಲ್ಲ, ಗಂಡ ಬಿದ್ದಾಗ ಬೇಡಿರಲಿಲ್ಲ. ಬೈಗುಳ ಕೇಳಲು ಕೈ ಮುಗಿದಳು.

ಪ್ರಭುಗಳು ಪ್ರಯತ್ನಪಟ್ಟರು. ಬೆನ್ನು ನೆಟ್ಟಗೆ ಮಾಡಿ, ಕೋಲು ಎತ್ತಿ, “ರಾಕ್ಷಸಿ” ಎಂದರು. ದನಿ ಮೇಲೆ ಹೋಗಲಿಲ್ಲ. ಕೆಮ್ಮಿ, ಮತ್ತೆ ಹಿಡಿದರು: “ಮಾತಿಗೆ ಮಾತು ಕೊಡ್ತೀಯಾ? ನಿನ್ನ ನಾಲಿಗೆಗೆ ಕಲ್ಲು ಕಟ್ಟಿ…” ಅಲ್ಲಿಗೆ ಉಸಿರು ಮುಗಿಯಿತು. ಮುಂದಿನ ಮಾತು ಅವರ ಬಾಯಲ್ಲಿ ಬರುವುದನ್ನು ಇಡೀ ಚಪ್ಪರ ಕಾಯಿತು. “ಅಳಿವೆಗೆ ಹಾಕ್ತೇನೆ” ಎಂದರು ಕೊನೆಗೆ, ತೊಟ್ಟಿಲ ಹತ್ತಿರ ಹೇಳುವ ದನಿಯಲ್ಲಿ. ಮಂಕಾಳಕ್ಕನ ಬಾಯಿ ತಾನಾಗಿಯೇ ತೆರೆಯಿತು. ಅಷ್ಟು ವರ್ಷದ ಅಭ್ಯಾಸ. “ಹಾಕಿ ಪ್ರಭುಗಳೇ,” ಎಂದಳು, “ಹಾಕ್ಲಿಕ್ಕೆ ಮೊದಲು ನೀರಾದ್ರೂ…” ಅಲ್ಲಿ ನಿಂತಳು. ಹಲಗೆಯ ಕೆಳಗೆ ಸದ್ದಾಗುತ್ತಿತ್ತು. ಕಂಬದ ಬುಡಕ್ಕೆ ನಾಯಿ ನೆಕ್ಕುವಂಥ ಸದ್ದು.

“ಇಲ್ಲ!” ಎಂದು ಅವಳು ಎದ್ದು ನಿಂತಳು. ಹಲಗೆಯ ಸಂದಿಗೆ ಬಗ್ಗಿ ನೀರಿಗೇ ಕೂಗಿದಳು. “ನಾನು ಹೂಂ ಅಂದಿಲ್ಲ! ಹೋಗು! ನಾನಿನ್ನೂ ಹೂಂ ಅಂದಿಲ್ಲ!” ನೀರು ಹೋಗಲಿಲ್ಲ. ಬಳಚು ಹೆಕ್ಕುತ್ತಿದ್ದವರು ಬುಟ್ಟಿ ತಲೆಗಿಟ್ಟು ದಡಕ್ಕೆ ಓಡುತ್ತಿದ್ದರು. ಆಗ ನಾನು ಉಗುಳಿದೆ. ಸಾಕ್ಷಿಯಾದ ಅಷ್ಟು ವರ್ಷದಲ್ಲಿ ಮೊದಲ ಸಲ, ಎಡದವಡೆಯ ತಾಂಬೂಲವನ್ನು ಎಲ್ಲರ ಎದುರು ಹಲಗೆಯ ಮೇಲೆ ಉಗುಳಿ, “ಮಾತು ಬಿದ್ದುಹೋಯಿತು. ಅವಳು ಒಪ್ಪಿಲ್ಲ, ನಾನು ಕೇಳಿಸಿಕೊಂಡಿದ್ದೇನೆ. ಮೊದಲಿನಿಂದ ಶುರುವಾಗಬೇಕು” ಎಂದೆ. ದೊಡ್ಡ ದನಿಯಲ್ಲೇ ಹೇಳಿದೆ. ಮೀನುಗಾರರಲ್ಲಿ ಒಬ್ಬ, ನನಗೆ ಅಷ್ಟು ಒಣಮೀನು ತಿನ್ನಿಸಿದವನು, ದೋಣಿಯ ಕಡೆ ಓಡುತ್ತಾ ತಿರುಗಿ ನೋಡಿ ಹೇಳಿದ: “ನಿಮ್ಮ ಬಾಯಿಗಿಂತ ಆ ನೀರು ದೊಡ್ಡದು ಸಾಕ್ಷಣ್ಣ. ಕಾಲಡಿಗೆ ಬಂದಿದೆ, ನೋಡಿ.” ನೋಡಿದೆ. ಉಗುಳಿದ್ದನ್ನು ಅದು ಆಗಲೇ ತೊಳೆದುಕೊಂಡು ಹೋಗಿತ್ತು. ಅಳಿವೆಯ ಹೊರಗೆ ಹಡಗು ಕೂಗಿತು. ಪ್ರಭುಗಳೂ ಮಂಕಾಳಕ್ಕನೂ ಪಾದ ಮುಳುಗುವ ನೀರಿನಲ್ಲಿ ಒಂದೇ ಗೋಣಿಯ ಎರಡು ತುದಿಯಲ್ಲಿ ಕೂತಿದ್ದರು. ಅವಳು ಅವರ ತೋಳಿನ ಬಟ್ಟೆ ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟುತ್ತಿದ್ದಳು. 

ಅವಳ ಜೊತೆ ನಾನೂ ಮನೆಗೆ ಹೋದೆ, ಸಾಕ್ಷಿ ಹೇಳಲು. ಹೇಳುವ ಅಗತ್ಯವಿರಲಿಲ್ಲ, ಕಿಟಕಿಯ ತುಂಬ ನೀರಿತ್ತು, ಸಂಜೆಯ ಬೆಳಕಿಗೆ ಬಹಳ ಚಂದವಾಗಿತ್ತು. ಜಟ್ಟಪ್ಪ ಅದನ್ನೇ ನೋಡುತ್ತಿದ್ದ. “ಬೈದನಾ?” ಎಂದ. “ಬೈದ್ರು” ಎಂದೆ. “ಏನಂದ?” ಮಂಕಾಳಕ್ಕ ಮಂಚದ ಕಾಲಿಗೆ ಒರಗಿ ಕೂತಳು. “ನಾನು ಒಪ್ಪಿರ್ಲಿಲ್ಲ” ಎಂದಳು. “ನಿನ್ನ ಮೇಲಾಣೆ. ನಾನು ಹೂಂ ಅನ್ಲಿಲ್ಲ. ಸಾಕ್ಷಣ್ಣನನ್ನು ಕೇಳು.” ಜಟ್ಟಪ್ಪ ನನ್ನನ್ನು ಕೇಳಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟ. ಸಿಟ್ಟಿನ ಕೈಯಲ್ಲ, ಅವನಿಗೂ ಪ್ರಭುಗಳನ್ನು ಕಂಡರೆ ಪ್ರೀತಿಯಿತ್ತು. “ನೀರು ಸುಳ್ಳು ಹೇಳ್ತದಾ ಮಾರಾಯ್ತಿ?” ಎಂದ.  ಮತ್ತೆ ಎಂದೂ ಅವಳು ಆ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ.

ನಡುವೆ ಉಗುಳಿದ್ದಕ್ಕೆ ನನ್ನನ್ನು ತೆಗೆದರು. ಒಳ್ಳೆಯ ಕೆಲಸ ಆಗುವಾಗ ಅಡ್ಡ ಬಾಯಿ ಹಾಕಿದನೆಂದು ಊರಿಗೆ ಈಗಲೂ ಬೇಸರ. ಹೊಸ ಸಾಕ್ಷಿ ನಿವೃತ್ತ ಪೋಸ್ಟ್ ಮಾಸ್ತರರು, ಬಲದವಡೆಯವರು. ಬಲಪಂಗಡ ಮೆರವಣಿಗೆ ಮಾಡಿತು. ಪ್ರಭುಗಳು ಮಳೆಗಾಲದ ತನಕ ಬದುಕಿದ್ದರು. ಈರುಳ್ಳಿ ಕೆಟ್ಟಿರಲಿಲ್ಲ. ಶನಿವಾರಕ್ಕೆ ಮೊದಲೇ ಎಲ್ಲವನ್ನೂ ಇಳಿಸಿ ಹಡಗು ಹೊರಟಿತು, ಮತ್ತು ಜಟ್ಟಪ್ಪನ ಪಾಲು ಆ ತಿಂಗಳಿಂದ ನಿಂತಿತು.